ವಯೋಮಿಂಗ್ ಗುಡ್ಡದಲ್ಲಿ ಸಿಕ್ಕಿದ ಬೂತಾಯಿ

ಅಮ್ಮ ಮೂವತ್ತು ವರ್ಷ ಮೀನು ಮಾರಿದವರು. ಬೆಳಗಿನ ಜಾವ ಮಲ್ಪೆ ಬಂದರಿಗೆ ಹೋಗಿ, ಏಲಂನಲ್ಲಿ ಮೀನು ತಗೊಂಡು, ಉಡುಪಿಗೆ ತಂದು, ಮಧ್ಯಾಹ್ನ ಎರಡರೊಳಗೆ ಬುಟ್ಟಿ ಖಾಲಿ ಮಾಡಿ ಮನೆಗೆ ಬರುತ್ತಿದ್ದರು. ಆ ಬುಟ್ಟಿಯ ದುಡ್ಡಿನಲ್ಲೇ ನಾನು ಓದಿದ್ದು. ಆದರೆ ನಾನು ನನ್ನ ಕೈಯಾರೆ ಒಂದು ಮೀನೂ ಹಿಡಿದವಳಲ್ಲ. ಬಲೆ ಎಳೆದಿಲ್ಲ, ಗಾಳ ಹಾಕಿಲ್ಲ. ಮೊದಲ ಮೀನು ಹಿಡಿದದ್ದು ಕಳೆದ ಜುಲೈನಲ್ಲಿ. ಅದೂ ಸುತ್ತಿಗೆ, ಉಳಿಯಲ್ಲಿ. ಅದೂ ಸಮುದ್ರದಿಂದ ಸಾವಿರ ಕಿಲೋಮೀಟರಿಗೂ ದೂರದ ಒಂದು ಬೋಳು ಗುಡ್ಡದ ಮೇಲೆ.

ನಾವೀಗ ಇರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಅಲ್ಲಿಂದ ಐ-80 ಹೆದ್ದಾರಿ ಹಿಡಿದು ಇವಾನ್‌ಸ್ಟನ್‌ವರೆಗೆ ಹೋಗಿ, ಎಡಕ್ಕೆ ತಿರುಗಿ ಹೋದರೆ ವಯೋಮಿಂಗ್ ರಾಜ್ಯದ ಕೆಮ್ಮರರ್ ಅಂತ ಒಂದು ಸಣ್ಣ ಊರು ಸಿಗುತ್ತದೆ. ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಹೆಸರು ಹೇಳಿದರೆ ಕೆಮ್ಮು ಬಂದ ಹಾಗಾಗುತ್ತದೆ, ಏನು ಮಾಡುವುದು. ಕಲ್ಲಿದ್ದಲಿನ ಊರು. ಅಮೆರಿಕದ ಮೂಲೆ ಮೂಲೆಯಲ್ಲಿ ಮಳಿಗೆ ಇದ್ದ ಜೆ.ಸಿ. ಪೆನ್ನಿ ಮೊದಲ ಅಂಗಡಿ ತೆರೆದದ್ದು ಇಲ್ಲೇ, 1902ರಲ್ಲಿ. ಈಗ ಪಕ್ಕದಲ್ಲೇ ಹೊಸ ಬಗೆಯ ಅಣು ವಿದ್ಯುತ್ ಸ್ಥಾವರ ಕಟ್ಟುತ್ತಿದ್ದಾರೆ. ನಮಗೆ ಅದು ಯಾವುದೂ ಬೇಕಿರಲಿಲ್ಲ. ಮಗನಿಗೆ ಒಂಬತ್ತು ವರ್ಷ, ಅವನಿಗೆ ಕಲ್ಲು ಒಡೆದು ಒಳಗಿನ ಮೀನಿನ ಪಳೆಯುಳಿಕೆ ತೆಗೆಯಬೇಕಿತ್ತು. ಇವರು ತುಮಕೂರಿನ ಕಡೆಯವರು, ಶುದ್ಧ ಸಸ್ಯಾಹಾರಿ. ಮೀನು ನೋಡಲಿಕ್ಕೆ ಹೋಗೋಣ ಅಂದರೆ ತಲೆ ಅಲ್ಲಾಡಿಸುವ ಗಂಡಸು, "ಇದು 5 ಕೋಟಿ ವರ್ಷ ಹಳೇದು, ವಾಸನೆ ಬರಲ್ಲ" ಅಂದ ಮೇಲೆ ಕಾರ್ ತೆಗೆದರು.

(ವಾಸನೆ ಬಂತು. ಆ ಕಥೆ ಮುಂದೆ ಉಂಟು.)

ಕೆಮ್ಮರರ್ ಸುತ್ತಮುತ್ತ ಇರುವುದು ಬರೀ ಬೂದು ಹಸಿರು ಬಣ್ಣದ ಕುರುಚಲು ಗಿಡ, ಗಾಳಿ, ಬಿಸಿಲು. ಎತ್ತರ ಎರಡು ಸಾವಿರ ಮೀಟರಿಗೂ ಮೇಲೆ. ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆಯೇ ಕಾಣುವುದಿಲ್ಲವಂತೆ. ಇಂಥ ಜಾಗದಲ್ಲಿ ನಿಂತು "ಇಲ್ಲಿ ಸರೋವರ ಇತ್ತು, ದಡದಲ್ಲಿ ತಾಳೆ ಜಾತಿಯ ಮರಗಳಿದ್ದವು, ಮೊಸಳೆಗಳಿದ್ದವು" ಅಂದರೆ ನಂಬುವುದು ಕಷ್ಟ. ಆದರೆ ಇತ್ತು. ಸುಮಾರು 5 ಕೋಟಿ 20 ಲಕ್ಷ ವರ್ಷಗಳ ಹಿಂದೆ ಇಲ್ಲಿನ ಹವೆ ಹೆಚ್ಚುಕಡಿಮೆ ನಮ್ಮ ಕಡೆಯ ಹಾಗೆ ಬೆಚ್ಚಗೆ ಇತ್ತು. ಆಗ ಈ ಭಾಗದಲ್ಲಿ ಮೂರು ದೊಡ್ಡ ಸರೋವರಗಳಿದ್ದವು. ಅದರಲ್ಲಿ ಚಿಕ್ಕದಕ್ಕೆ ಈಗ 'ಫಾಸಿಲ್ ಲೇಕ್' ಅಂತ ಹೆಸರು. ಸರೋವರ ಹೋಯಿತು, ಅದರ ತಳದ ಕೆಸರು ಸುಣ್ಣದ ಕಲ್ಲಾಗಿ ಉಳಿಯಿತು. ಆಮೇಲೆ ನೆಲವೇ ಮೇಲೆದ್ದು ಗುಡ್ಡವಾಯಿತು. ಮೀನು ಗುಡ್ಡ ಹತ್ತಿದ್ದು ಹೀಗೆ.

ಆ ಕಾಲ ಎಷ್ಟು ಹಿಂದಿನದು ಅಂತ ಮಗನಿಗೆ ಹೇಳಲು ನನಗೆ ಒಂದೇ ಅಳತೆಗೋಲು ಇದ್ದದ್ದು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೈಂಟ್ ಮೇರೀಸ್ ದ್ವೀಪ. ಅಲ್ಲಿ ಕಂಬ ಕಂಬವಾಗಿ ನಿಂತ ಕಪ್ಪು ಬಂಡೆಗಳು ಲಾವಾ ತಣ್ಣಗಾಗಿ ಆದದ್ದು, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ್ದು. ಹತ್ತಿರ ಹತ್ತಿರ 9 ಕೋಟಿ ವರ್ಷ. ಹಾಗಾದರೆ ನಾನು ಶಾಲೆಯ ಪ್ರವಾಸದಲ್ಲಿ ಕೂತು ಅವಲಕ್ಕಿ ತಿಂದ ಬಂಡೆ ಈ ಮೀನಿಗಿಂತ ಹಳೆಯದು! ಡೈನೋಸಾರ್‌ಗಳು ಹೋಗಿ 1 ಕೋಟಿ 40 ಲಕ್ಷ ವರ್ಷ ಆದ ಮೇಲೆ ಈ ಮೀನು ಈಜುತ್ತಿತ್ತು. ಹಿಮಾಲಯ ಆಗಿನ್ನೂ ಎದ್ದಿರಲಿಲ್ಲ. ಇಷ್ಟು ಹೇಳುವಷ್ಟರಲ್ಲಿ ಮಗ ನಿದ್ದೆ ಹೋಗಿದ್ದ.

ಊರ ಹತ್ತಿರ 'ಫಾಸಿಲ್ ಬ್ಯೂಟ್' ಅಂತ ಒಂದು ಗುಡ್ಡವನ್ನು 1972ರಿಂದ ರಾಷ್ಟ್ರೀಯ ಸ್ಮಾರಕವಾಗಿ ಕಾಪಾಡಿದ್ದಾರೆ. ಅಲ್ಲಿ ನೋಡಬಹುದು, ಒಂದು ಚೂರು ಕಲ್ಲನ್ನೂ ಮನೆಗೆ ತರುವಂತಿಲ್ಲ. ಅದರ ಹೊರಗೆ ಖಾಸಗಿ ಕೋರೆಗಳಿವೆ. ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಸುತ್ತಿಗೆ, ಉಳಿ ಕೈಗೆ ಕೊಡುತ್ತಾರೆ. ನಮ್ಮ ಕಡೆ ಕೆಂಪುಕಲ್ಲಿನ ಕೋರೆ ನೋಡಿದವರಿಗೆ ಜಾಗ ಹೊಸದಲ್ಲ, ಬಣ್ಣ ಮಾತ್ರ ಬೇರೆ. ಬಿಳಿ, ತಿಳಿ ಹಳದಿ ಹಲಗೆ ಹಲಗೆ ಕಲ್ಲು. ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಉಳಿಯ ಬಾಯಿ ಇಟ್ಟು ಮೆಲ್ಲಗೆ ತಟ್ಟಬೇಕು. ತಟ್ಟಿ, ಸ್ವಲ್ಪ ಆಚೆ ಮತ್ತೆ ತಟ್ಟಿ. ಜೋರು ಮಾಡಿದರೆ ಚೂರು. ಒಂದರ ಮೇಲೊಂದು ಹಾಕಿಟ್ಟ ನೀರುದೋಸೆ ಬಿಡಿಸುವಾಗ ಒಂದು ಸಮಾಧಾನ ಬೇಕಲ್ಲ, ಅಷ್ಟೇ ಸಮಾಧಾನ ಇಲ್ಲಿಯೂ.

ಮೊದಲ ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಒಂದು ಹಲಗೆ ಎರಡಾಯಿತು, ಒಳಗೆ ಕಂದು ಬಣ್ಣದ ಮೀನು.

ನಾನು ಮಾಡಿದ ಮೊದಲ ಕೆಲಸ ಕೇಳಿದರೆ ನಗುತ್ತೀರಿ. ಹೆಬ್ಬೆರಳನ್ನು ಹೊಟ್ಟೆಯ ಅಂಚಿನ ಮೇಲೆ ಎಳೆದೆ. ಬೂತಾಯಿ ಅಂದರೆ ನಮ್ಮ ಕಡಲಿನ ಸಣ್ಣ ಮೀನು; ಅದನ್ನು ಕ್ಲೀನ್ ಮಾಡಿದವರಿಗೆ ಗೊತ್ತು, ಅದರ ಹೊಟ್ಟೆಯ ಅಡಿಯಲ್ಲಿ ಗರಗಸದ ಹಾಗೆ ಸಣ್ಣ ಸಣ್ಣ ಮುಳ್ಳುಹುರುಪೆಗಳ ಸಾಲು ಇರುತ್ತದೆ. ಬಾಲದಿಂದ ತಲೆಯ ಕಡೆಗೆ ಬೆರಳು ಎಳೆದರೆ ಚುಚ್ಚುತ್ತದೆ. ಕಲ್ಲಿನಲ್ಲಿದ್ದ ಮೀನಿಗೂ ಅದೇ ಸಾಲು. ಬೆರಳಿಗೆ ಸಿಗುವಷ್ಟು ಇರಲಿಲ್ಲ, ಆದರೆ ಕಣ್ಣಿಗೆ ಸ್ಪಷ್ಟ. ಮೀನಿನ ಉದ್ದ ನನ್ನ ತೋರುಬೆರಳಿಗಿಂತ ಸ್ವಲ್ಪ ಜಾಸ್ತಿ. ಕವಲು ಬಾಲ, ಬೆನ್ನಿನ ನಡುವೆ ಒಂದು ರೆಕ್ಕೆ, ಕೂದಲಿನಂಥ ಮುಳ್ಳುಗಳು. ಬೂತಾಯಿ ತಿನ್ನುವಾಗ ಬಾಯಲ್ಲಿ ಸಿಗುವ ಅದೇ ಮುಳ್ಳುಗಳು.

"ಇದು ಬೂತಾಯಿ ಮಾರಾಯ್ರೆ!" ಅಂತ ಕೂಗಿದೆ. ಪಕ್ಕದಲ್ಲಿದ್ದ ಅಮೆರಿಕದ ಅಜ್ಜ ಬೆಚ್ಚಿಬಿದ್ದರು.

ಈ ಮೀನಿನ ಹೆಸರು ನೈಟಿಯಾ. ಪೂರ್ತಿ ಹೆಸರು ನೈಟಿಯಾ ಇಯೊಸೀನಾ. ನಾನು ಕೂಗಿದ್ದು ತೀರಾ ತಪ್ಪೇನಲ್ಲ. ಬೂತಾಯಿ, ಹೆರಿಂಗ್, ಸಾರ್ಡೀನ್ ಎಲ್ಲ ಸೇರಿದ ದೊಡ್ಡ ಬಳಗಕ್ಕೇ ಇದೂ ಸೇರಿದ್ದು. 1856ರಲ್ಲಿ ಜೋಸೆಫ್ ಲೈಡಿ ಎಂಬ ವಿಜ್ಞಾನಿ ಇದರ ಬಗ್ಗೆ ಮೊದಲು ಬರೆದಾಗ ಸೀದಾ ಹೆರಿಂಗ್‌ನ ಕುಲದ ಹೆಸರನ್ನೇ ಕೊಟ್ಟಿದ್ದರು. 1907ರಲ್ಲಿ ಮೀನು ತಜ್ಞ ಡೇವಿಡ್ ಸ್ಟಾರ್ ಜೋರ್ಡನ್ ಬೇರೆ ಕುಲ ಮಾಡಿ, ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ವಿಲ್ಬರ್ ನೈಟ್ ಅವರ ಹೆಸರು ಇಟ್ಟರು. ನೈಟ್ ತೀರಿಹೋಗಿ ಆಗ ನಾಲ್ಕು ವರ್ಷ ಆಗಿತ್ತು. ಇದಕ್ಕೆ ಒಬ್ಬ ಗಿಡ್ಡ ತಮ್ಮನೂ ಉಂಟು, ನೈಟಿಯಾ ಆಲ್ಟಾ. ಅದರ ಮೈ ಸ್ವಲ್ಪ ಅಗಲ.

ಬೂತಾಯಿಗೂ ಇದಕ್ಕೂ ಇರುವ ಒಂದು ವ್ಯತ್ಯಾಸ ಮಗನೇ ಕಂಡುಹಿಡಿದ. ನೈಟಿಯಾಗೆ ಹೊಟ್ಟೆಯಲ್ಲಿ ಮಾತ್ರ ಅಲ್ಲ, ತಲೆಯ ಹಿಂದಿನಿಂದ ಬೆನ್ನಿನ ರೆಕ್ಕೆಯವರೆಗೂ ಅದೇ ಮುಳ್ಳುಹುರುಪೆಯ ಸಾಲು. ಬೂತಾಯಿಯ ಬೆನ್ನು ನುಣ್ಣಗೆ. ಇನ್ನೊಂದು ದೊಡ್ಡ ವ್ಯತ್ಯಾಸ, ಇದು ಸಿಹಿನೀರಿನ ಮೀನು. ಉಪ್ಪುನೀರು ಕಾಣದ ಬೂತಾಯಿ ಅಂದರೆ ನಮ್ಮವರು ಮೂಸಿಯೂ ನೋಡುವುದಿಲ್ಲ.

ಈಗ ವಾಸನೆಯ ಕಥೆ. ಕಲ್ಲು ಹೊಸದಾಗಿ ಸೀಳಿದಾಗ ಒಂದು ಘಾಟು ಬರುತ್ತದೆ. ಸೀಮೆಎಣ್ಣೆ ಡಬ್ಬದ ಮುಚ್ಚಳ ತೆಗೆದ ಹಾಗೆ. ಇವರು ಎರಡು ಹೆಜ್ಜೆ ಹಿಂದೆ ಸರಿದು "ಮೀನೆಣ್ಣೆ ಕಣೇ, ಕೊನೆಗೂ ಬಂತು ನೋಡು" ಅಂದರು. ನನಗೂ ಹಾಗೇ ಅನ್ನಿಸಿತು. ಬೂತಾಯಿ ಅಂದರೆ ಎಣ್ಣೆ ಮೀನು, ಮೀನೆಣ್ಣೆ ತೆಗೆಯುವುದೇ ಅದರಿಂದ. ಹಿಂದೆಲ್ಲ ಮರದ ದೋಣಿಗೆ ಬಳಿಯುತ್ತಿದ್ದದ್ದೂ ಅದೇ ಎಣ್ಣೆ. ಆದರೆ ಇಲ್ಲಿಯ ಕಲ್ಲಿನ ಎಣ್ಣೆ ಮೀನಿನದ್ದಲ್ಲ. ಸರೋವರದಲ್ಲಿ ಬೆಳೆದು ಸತ್ತು ತಳಕ್ಕೆ ಇಳಿದ ಪಾಚಿಯದ್ದು ಅದು. ಈ ಕಲ್ಲಿನ ರಾಶಿಗೆ ಗ್ರೀನ್ ರಿವರ್ ಅಂತ ಹೆಸರು. ಕೊಲೊರಾಡೊ, ಯೂಟಾ, ವಯೋಮಿಂಗ್ ಮೂರೂ ಕಡೆ ಹರಡಿದೆ. ಕಲ್ಲಿನೊಳಗಿನ ಎಣ್ಣೆಯ ಲೆಕ್ಕದಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡ ನಿಧಿಗಳಲ್ಲಿ ಒಂದು. ಪಾಚಿ ಎಣ್ಣೆ ಅಂದ ಮೇಲೆ ಇವರು ಸಮಾಧಾನವಾಗಿ ಮುಂದೆ ಬಂದು ಸುತ್ತಿಗೆ ಹಿಡಿದರು. ಪಾಚಿ ಸಸ್ಯಾಹಾರ, ಅಲ್ವಾ?

ನಾಲ್ಕು ಗಂಟೆಯಲ್ಲಿ ನಮಗೆ ಹದಿನೇಳು ಸಿಕ್ಕಿದವು. ಪೂರ್ತಿ ಇದ್ದದ್ದು ಆರು. ಉಳಿದದ್ದು ಬಾಲ, ನಡು, ತಲೆ ಇಲ್ಲದ್ದು. ಬೇರೆ ಜಾತಿಯ ಮೀನು ಒಂದು ತುಂಡು. ಮಿಕ್ಕಿದ್ದೆಲ್ಲ ನೈಟಿಯಾ. ನಾವೇನೋ ಅದೃಷ್ಟವಂತರು ಅಂದುಕೊಂಡರೆ ಕೋರೆಯವರು ನಕ್ಕರು. ಪ್ರಪಂಚದಲ್ಲಿ ಇಷ್ಟು ಸುಲಭವಾಗಿ ಸಿಗುವ ಮೀನಿನ ಪಳೆಯುಳಿಕೆ ಬೇರೆ ಇಲ್ಲ. ಬೇರೆ ಬೇರೆ ದೇಶದ ಪಳೆಯುಳಿಕೆ ಅಂಗಡಿಗಳಲ್ಲಿ ಕಾಣುವ ಸಣ್ಣ ಕಂದು ಮೀನಿನ ಕಲ್ಲು ಬಹುಪಾಲು ಇದೇ. 1987ರಲ್ಲಿ ವಯೋಮಿಂಗ್ ಇದನ್ನು ತನ್ನ ರಾಜ್ಯದ ಪಳೆಯುಳಿಕೆ ಅಂತ ಘೋಷಿಸಿತು. ಡೈನೋಸಾರ್‌ಗೆ ಹೆಸರಾದ ರಾಜ್ಯದಲ್ಲಿ ಟ್ರೈಸೆರಾಟಾಪ್ಸ್‌ಗೆ ಅಂಥ ಪಟ್ಟ ಸಿಗಲು 1994 ಆಗಬೇಕಾಯಿತು. ಬೂತಾಯಿಯೇ ಮೊದಲು. ನನಗೆ ಇದು ಎಷ್ಟು ಖುಷಿ ಕೊಟ್ಟಿತು ಅಂತ ಹೇಳಲಾರೆ. ನಮ್ಮಲ್ಲಿ ಅಂಜಲ್ಲಿಗೆ ಇರುವ ಮರ್ಯಾದೆ ಬೂತಾಯಿಗೆ ಇಲ್ಲ. ಮದುವೆ ಊಟಕ್ಕೆ ಯಾರೂ ಬೂತಾಯಿ ಮಾಡಿಸುವುದಿಲ್ಲ. ಜಾಸ್ತಿ ಬಂದ ವರ್ಷ ತೆಂಗಿನ ಬುಡಕ್ಕೂ ಹಾಕಿದ್ದುಂಟು. ಆದರೆ ಬಡವರ ಮನೆಯ ಪುಳಿಮುಂಚಿ ನಡೆಯುವುದು ಅದರಿಂದಲೇ.

ನೈಟಿಯಾದ ಪಾಡೂ ಹಾಗೇ ಇತ್ತು ಅನ್ನಿಸುತ್ತದೆ. ನೀರಿನ ಸಣ್ಣ ಸಣ್ಣ ಜೀವಿಗಳನ್ನು ತಿಂದುಕೊಂಡು ಗುಂಪು ಗುಂಪಾಗಿ ತಿರುಗುವುದು, ದೊಡ್ಡವರ ಹೊಟ್ಟೆಗೆ ಹೋಗುವುದು. ಅದನ್ನು ನುಂಗುತ್ತಿರುವಾಗಲೇ ಸತ್ತ ದೊಡ್ಡ ಮೀನುಗಳು ಎಷ್ಟೋ ಸಿಕ್ಕಿವೆ. ಡಿಪ್ಲೊಮಿಸ್ಟಸ್, ಮಯೊಪ್ಲೋಸಸ್ ಅಂತ ಅವುಗಳ ಹೆಸರು. ಬಾಯಿಂದ ನೈಟಿಯಾದ ಬಾಲ ಹೊರಗೆ, ತಲೆ ಗಂಟಲಲ್ಲಿ. ಆಸೆಬುರುಕತನದಿಂದ ಗಂಟಲಿಗೆ ಸಿಕ್ಕಿಹಾಕಿಕೊಂಡು ಸತ್ತದ್ದು. ಆ ಮುಳ್ಳುಹುರುಪೆ ಸುಮ್ನೆ ಇದ್ದದ್ದಲ್ಲ ನೋಡಿ. ಮುಂದೆ ಹೋಗುತ್ತದೆ, ಹಿಂದೆ ಬರುವುದಿಲ್ಲ.

ಕೋರೆಯಲ್ಲಿ ನನಗೆ ತುಂಬ ಹಿಡಿಸಿದ್ದು ಅವರು ಹೇಳಿದ ರಾತ್ರಿ ಕೆಲಸದ ವಿಷಯ. ನಾವು ಒಡೆದದ್ದು ಸೀಳುಕಲ್ಲಿನ ಪದರ. ಅಲ್ಲಿ ಕಲ್ಲು ಮೀನಿನ ಮೈ ಹಿಡಿದೇ ಸೀಳುತ್ತದೆ, ಮೀನು ಅಲ್ಲೇ ಕಾಣುತ್ತದೆ. ಅದಕ್ಕಿಂತ ಬೆಲೆಬಾಳುವ ಇನ್ನೊಂದು ಪದರ ಉಂಟು. ಅದರ ಹೆಸರೇ '18 ಇಂಚಿನ ಪದರ'. ಅಲ್ಲಿ ಮೀನಿನ ಮೂಳೆ ಕಪ್ಪಗೆ, ಕಲ್ಲು ಬೆಣ್ಣೆ ಬಣ್ಣ, ಒಂದು ಮುಳ್ಳೂ ತಪ್ಪಿರುವುದಿಲ್ಲ. ಆದರೆ ಕಲ್ಲು ಮೀನಿನ ಮೇಲೆ ತೆಳು ಹೊದಿಕೆ ಬಿಟ್ಟು ಸೀಳುತ್ತದೆ. ಹಗಲಿನ ಬಿಸಿಲಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಕತ್ತಲಾದ ಮೇಲೆ ದೀಪವನ್ನು ನೆಲದ ಮಟ್ಟಕ್ಕೆ ಇಟ್ಟು ಓರೆಯಾಗಿ ಬೆಳಕು ಬಿಡುತ್ತಾರೆ. ಆಗ ಹೊದಿಕೆಯ ಕೆಳಗಿನ ಬೆನ್ನುಮೂಳೆ ಸಣ್ಣ ಉಬ್ಬಾಗಿ, ಅದರ ನೆರಳು ಗೆರೆಯಾಗಿ ಕಾಣುತ್ತದೆ. ಗುರುತು ಹಾಕಿ, ಕತ್ತರಿಸಿ, ಮನೆಯಲ್ಲಿ ಕೂತು ಸೂಜಿಯಂಥ ಉಪಕರಣದಲ್ಲಿ ಗಂಟೆಗಟ್ಟಲೆ ಬಿಡಿಸುತ್ತಾರೆ. ರಾತ್ರಿ ದೀಪ ಹಿಡಿದು ಮೀನಿಗೆ ಹೋಗುವುದು! ಗುಡ್ಡದ ಮೇಲೂ ಮೀನುಗಾರಿಕೆಯ ಪದ್ಧತಿ ಬದಲಾಗಿಲ್ಲ.

ರಾತ್ರಿ ಮೋಟೆಲ್‌ನಿಂದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ಎಂಟು ಗಂಟೆ, ಊರಲ್ಲಿ ಬೆಳಿಗ್ಗೆ ಏಳೂವರೆ, ಜೋರು ಮಳೆಯ ಸದ್ದು. ಜೂನ್, ಜುಲೈ ಎರಡು ತಿಂಗಳು ಅಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟ್‌ಗಳೆಲ್ಲ ದಕ್ಕೆಯಲ್ಲಿ. ಅಮ್ಮ ತುಳುವಿನಲ್ಲಿ ಮಾತಾಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅರ್ಧ ರುಚಿ ಹೋಗುತ್ತದೆ.

"ಇಲ್ಲಿ ಒಣಮೀನಿಗೂ ಗತಿ ಇಲ್ಲ, ನಿಂಗೆ ಗುಡ್ಡದಲ್ಲಿ ಮೀನಾ? ಹೆಸರೆಂತ?"

"ನೈಟಿಯಾ."

"ನೈಟಿಯಾ? ಅದು ಹಾಕಿಕೊಳ್ಳುವುದಲ್ವಾ?"

ಮಗ ಹಾಸಿಗೆಯಿಂದ ಬಿದ್ದು ನಕ್ಕ. ಅಮ್ಮ ನಗಲಿಲ್ಲ. ಕನ್ನಡಕ ಹಾಕಿಕೊಂಡರು, ಫೋನ್ ಹತ್ತಿರ ಹಿಡಿ ಅಂದರು. ಆಮೇಲೆ ಮೂವತ್ತು ವರ್ಷ ಬಂದರಿನಲ್ಲಿ ಮಾಡಿದ ಕೆಲಸವನ್ನೇ ಮಾಡಿದರು. ಕಣ್ಣಿನ ಜಾಗ ನೋಡಿದರು, ಕಿವಿರಿನ ಮುಚ್ಚಳ ನೋಡಿದರು, ಹೊಟ್ಟೆ ನೋಡಿದರು.

"ಹೊಟ್ಟೆ ಒಡೆದಿಲ್ಲ ಮಗಾ. ಸತ್ತ ಕೂಡಲೇ ತಂಪಿಗೆ ಬಿದ್ದಿದೆ."

ನಾನು ಸುಮ್ಮನಾದೆ. ಬೂತಾಯಿ ಕೆಡುವುದು ಹೊಟ್ಟೆಯಿಂದ ಅಂತ ಮೀನು ಮಾರುವವರಿಗೆಲ್ಲ ಗೊತ್ತು. ಐಸ್ ಹಾಕುವುದು ಒಂದು ಗಂಟೆ ತಡವಾದರೆ ಹೊಟ್ಟೆ ಮೆತ್ತಗಾಗಿ ಒಡೆಯುತ್ತದೆ, ಆ ಬುಟ್ಟಿಗೆ ರೇಟ್ ಇಲ್ಲ. ಅಂದು ಬೆಳಿಗ್ಗೆ ಸ್ಮಾರಕದ ಕೇಂದ್ರದಲ್ಲಿ ನಾನು ಓದಿಕೊಂಡು ಬಂದದ್ದೂ ಹೆಚ್ಚುಕಡಿಮೆ ಅದನ್ನೇ. ಬೆಚ್ಚಗಿನ ನೀರಿನಲ್ಲಿ ಸತ್ತ ಮೀನಿನ ಹೊಟ್ಟೆಯಲ್ಲಿ ಗ್ಯಾಸ್ ತುಂಬಿ ಅದು ಮೇಲೆ ತೇಲುತ್ತದೆ. ತೇಲುತ್ತಾ ಕೊಳೆತು ತಲೆ ಒಂದು ಕಡೆ, ಬಾಲ ಒಂದು ಕಡೆ ಆಗುತ್ತದೆ. ಆಳದ ತಣ್ಣನೆಯ ನೀರಿಗೆ ಇಳಿದ ಮೀನು ಉಬ್ಬುವುದಿಲ್ಲ, ತೇಲುವುದಿಲ್ಲ. ಫಾಸಿಲ್ ಲೇಕ್‌ನ ತಳದಲ್ಲಿ ಆಮ್ಲಜನಕವೂ ಇಲ್ಲದಂತಾಗಿತ್ತು. ಕೆದಕಿ ತಿನ್ನುವ ಏಡಿಗೀಡಿಗಳೂ ಅಲ್ಲಿಗೆ ಬರುತ್ತಿರಲಿಲ್ಲ. ಮೀನು ಮಲಗಿದ ಹಾಗೇ ಮಲಗಿತು. ಮೇಲಿನಿಂದ ಸುಣ್ಣದ ಪುಡಿ ಮೆತ್ತಗೆ ಬೀಳುತ್ತಾ ಹೋಯಿತು. ಅಮ್ಮನಿಗೆ ಇದನ್ನೆಲ್ಲ ಹೇಳಲು ಹೊರಟರೆ, "ಅದನ್ನೇ ಅಲ್ವಾ ನಾನು ಹೇಳಿದ್ದು" ಅಂದರು.

ಆಮೇಲೆ ಕೇಂದ್ರದಲ್ಲಿ ತೆಗೆದ ಇನ್ನೊಂದು ಫೋಟೋ ಕಳಿಸಿದೆ. ಒಂದೇ ಹಲಗೆಯಲ್ಲಿ ನೂರಾರು ನೈಟಿಯಾ, ಒಂದರ ಮೇಲೊಂದು ಚೆಲ್ಲಿದ ಹಾಗೆ. ಒಂದೇ ಸಲ ಇಡೀ ಗುಂಪು ಸತ್ತದ್ದು. ಯಾಕೆ ಅನ್ನುವುದಕ್ಕೆ ತಜ್ಞರು ಒಂದಕ್ಕಿಂತ ಹೆಚ್ಚು ಕಾರಣ ಕೊಡುತ್ತಾರೆ. ಪಾಚಿ ಮಿತಿಮೀರಿ ಬೆಳೆದು ನೀರು ಕೆಟ್ಟಿರಬಹುದು. ತಳದ ಆಮ್ಲಜನಕ ಇಲ್ಲದ ನೀರು ಮೇಲಕ್ಕೆ ಮಗುಚಿರಬಹುದು. ನೀರಿನ ಬಿಸಿ ಒಮ್ಮೆಲೇ ಬದಲಾಗಿರಬಹುದು. ಅಮ್ಮ ತುಂಬ ಹೊತ್ತು ಆ ಫೋಟೋ ನೋಡಿದರು. ಕಡಲಿನ ನೀರಿನ ಬಣ್ಣ ತಿರುಗಿ ಮೀನು ಸತ್ತು ದಡಕ್ಕೆ ಬಂದದ್ದನ್ನು ಅವರೂ ನೋಡಿದವರು. "ಪಾಪ, ಒಂದೇ ದಿನ" ಅಂದರು. ಮತ್ತೆ ಅದೇ ಉಸಿರಿನಲ್ಲಿ, "ಎರಡು ಬುಟ್ಟಿ ಆಗುತ್ತಿತ್ತು."

ಇಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ಇದು ನಮ್ಮ ಮನೆಗೆ ಬಂದ ಮೊದಲ ನೈಟಿಯಾ ಅಲ್ಲ. ಎರಡು ವರ್ಷ ಹಿಂದೆ ಒಂದು ಕಲ್ಲು-ಹರಳಿನ ಮೇಳದಲ್ಲಿ ಚಂದ ಕಂಡಿತು ಅಂತ ಒಂದು ತಗೊಂಡಿದ್ದೆ. ಅಂಗಡಿಯ ಹೆಸರು ಬೇಡ. ಒಂದು ಮುಳ್ಳೂ ಮುರಿಯದ, ಒಂದು ರೆಕ್ಕೆಯೂ ಸವೆಯದ ಮೀನು. ಮನೆಗೆ ತಂದು ಭೂತಕನ್ನಡಿಯಲ್ಲಿ ನೋಡಿದರೆ ರೆಕ್ಕೆಗಳೆಲ್ಲ ಕುಂಚದಲ್ಲಿ ಬರೆದದ್ದು! ಕಲ್ಲೇ ಬೇರೆ, ಮೀನೇ ಬೇರೆ, ನಡುವೆ ಅಂಟು. ಮೀನು ನಿಜ, ಅಲಂಕಾರ ಸುಳ್ಳು. ಅವತ್ತು ಅಮ್ಮನ ಹತ್ತಿರ ಬೈಸಿಕೊಂಡದ್ದು ನೆನಪಿದೆ. "ಕಿವಿರು ಎತ್ತಿ ನೋಡದೆ ಮೀನು ತಗೊಳ್ಳುವವಳು ನನ್ನ ಮಗಳಾ?" ಕೋರೆಯಿಂದ ತಂದವುಗಳಲ್ಲಿ ಯಾವುದೂ ಅಷ್ಟು ಚಂದ ಇಲ್ಲ. ಒಂದಕ್ಕೆ ಬಾಲದ ತುದಿ ಹೋಗಿದೆ, ಒಂದರ ಮೇಲೆ ನನ್ನ ಉಳಿಯ ಗಾಯ ಉಂಟು.

ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಿದ್ದೇವೆ. ಅಮ್ಮನಿಗೆ ಒಂದು ಬೇಕಂತೆ. ಮಾರುಕಟ್ಟೆಯಲ್ಲಿ ಜೊತೆಗೆ ಕೂರುತ್ತಿದ್ದವರಿಗೆಲ್ಲ ತೋರಿಸಬೇಕಂತೆ. ಒಳ್ಳೆಯದನ್ನು ನಾನು ಇಟ್ಟುಕೊಂಡು ತಲೆ ಇಲ್ಲದ್ದೊಂದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ. ಸೂಟ್‌ಕೇಸಿನಲ್ಲಿ ತೂಕ ಕಡಿಮೆ ಆಗುತ್ತದೆ ಅಂತ ನೆಪ. ಮೊನ್ನೆ ಫೋನಿನಲ್ಲಿ ತೋರಿಸಿದೆ.

"ತಲೆ ಇಲ್ಲದ ಮೀನು ಹಿಡಿದುಕೊಂಡು ನಾನು ಮಾರುಕಟ್ಟೆಗೆ ಹೋಗುವುದಾ?" ಅಂದರು ಅಮ್ಮ.

ಒಳ್ಳೆಯದು ಮಲ್ಪೆಗೆ ಹೋಗುತ್ತಿದೆ. ತಲೆ ಇಲ್ಲದ್ದು ನನ್ನ ಅಡುಗೆಮನೆಯ ಕಿಟಕಿಯಲ್ಲಿ ಉಂಟು, ಇವರ ಮೆಂತ್ಯದ ಡಬ್ಬದ ಪಕ್ಕ.